ಫೋಟೋದ ಅಂಚಿಗೆ ಒಂದು ಬಳೆಕೈ

ನಮ್ಮ ನಡುಮನೆ ಗೋಡೆಯ ಮೇಲೆ ಒಂದು ಫೋಟೋ ಐತೆ. ಕಂಬಳಿ ನೇತುಹಾಕುವ ಗೂಟದ ಪಕ್ಕಕ್ಕೇ ಮೊಳೆ ಹೊಡೆಸಿ ಹಾಕಿದ್ದೀನಿ. ಬಂದವರು ಕುಂತು ನೀರು ಕುಡಿಯುವ ಹೊತ್ತಿಗೆ ಅವರ ಕಣ್ಣು ಅಲ್ಲಿಗೆ ಹೋಗಿಯೇ ಹೋಗುತ್ತದೆ. ನೋಡುತ್ತಾರೆ, ನಗುತ್ತಾರೆ, ಆಮೇಲೆ ಎಲ್ಲರೂ ಕೇಳುವುದು ಒಂದೇ ಮಾತು.

"ಎಲ್ಲಾ ಸರಿ ಐತೆ ಕಣಮ್ಮ, ಈ ಅಂಚಿನಾಗೆ ಐತಲ್ಲ ಕೈ, ಅದು ಯಾರ್ದು?"

ಕೈ ನನ್ನದೇ. ನಾಲ್ಕು ಹಸಿರು ಬಳೆ, ಮೊಣಕೈ ತನಕ. ಅಲ್ಲಿಂದಾಚೆಗೆ ನಾನಿಲ್ಲ. ಫೋಟೋದ ನಡುವೆ ನಮ್ಮ ಅಳಿಯ ನಿಂತಿದ್ದಾನೆ, ಅವನ ತೋಳಿನ ಮೇಲೆ ನನ್ನ ಮೊಮ್ಮಗಳು. ಒಂದು ಕಡೆಗೆ ನಮ್ಮನೆಯವರು, ಹೊಸ ರುಮಾಲು ಸುತ್ತಿಕೊಂಡು, ಯಾರ ಮೇಲೋ ಸಿಟ್ಟಾದವರ ಹಾಗೆ. ಇನ್ನೊಂದು ಕಡೆಗೆ ಅಳಿಯನ ತಾಯಿ, ಅಂದರೆ ನಮ್ಮ ಬೀಗ್ತಿ. ಹಿಂದೆ ನನ್ನ ಮಗ. ಮುಂದೆ ಕಾಲ ಹತ್ತಿರ ನಮ್ಮ ನಾಯಿ ಕರಿಯ, ಯಾರೂ ಕರೆಯದಿದ್ದರೂ ಬಂದು ಕುಂತಿದ್ದಾನೆ. ತೆಗೆದದ್ದು ನನ್ನ ಮಗಳು ಪವಿತ್ರ. ಆರು ಜೀವ ಒಂದು ಚೌಕಟ್ಟಿನಾಗೆ ಅವೆ, ಏಳನೆಯದು ಒಂದು ಕೈ. ಕೂಸು ಆ ಕೈಯಿನ ಬೆರಳು ಹಿಡಿದು ಬಿಟ್ಟಿಲ್ಲ. ಬಿಟ್ಟಿದ್ದರೆ ಅಷ್ಟೂ ಬರುತ್ತಿರಲಿಲ್ಲ. ಯಾಕೆ ಅಂದರೆ ನಾನು ಆಗ ಓಡಿ ಹೋಗುತ್ತಿದ್ದೆ.

ಯಾಕೆ ಓಡಿ ಹೋಗುತ್ತಿದ್ದೆ ಅನ್ನುವುದನ್ನೇ ಹೇಳಬೇಕು ಅಂತ ಕುಂತಿದ್ದೀನಿ. ಓದಿರುವುದು ಮೂರನೇ ಕ್ಲಾಸು. ಅದರಲ್ಲೂ ಎರಡು ವರ್ಷ ಕುರಿ ಹಿಂದೆ ಹೋಗಿದ್ದೇ ಹೆಚ್ಚು. ಮಾತು ಅತ್ತಿತ್ತ ಮೇಯಲಿಕ್ಕೆ ಹೋದರೆ ನೀವೇ ತಿರುಗಿಸಿಕೊಂಡು ಬರ್ರಿ.

ನಮ್ಮದು ಹೊಸದುರ್ಗ ತಾಲ್ಲೂಕು, ಶ್ರೀರಾಂಪುರದಿಂದ ಒಳಗೆ. ಕುರಿ ಸಾಕುವ ಮನೆ. ಕುರಿ ಮನೆಯೊಳಗೆ ಒಂದು ಮಾತು ಐತೆ: ಎಣಿಸಬ್ಯಾಡ. ಎಣಿಸಲೇಬೇಕಾದರೆ ಒಂದು ಬಿಟ್ಟು ಎಣಿಸು. ಮಂದೆ ಪೂರ್ತಿಯಾಗಿ ಯಾರ ಬಾಯಿಗೂ ಬೀಳಬಾರದು, ಯಾರ ಕಣ್ಣಿಗೂ ಬೀಳಬಾರದು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರ ಯಾರೋ ದಾರಿಹೋಕರು, "ಎಷ್ಟು ಕುರಿ ಅವೆ ತಾಯಿ?" ಅಂತ ಕೇಳಿದರು. ನಾನು ಹೊಸಬಳು, ಎಣಿಕೆ ಬರುತ್ತದೆ ಅನ್ನುವ ಜಂಬ ಬೇರೆ. ಬೆರಳು ಚಾಚಿ ಒಂದು ಎರಡು ಅಂತ ಶುರು ಮಾಡಿದೆ. ನಮ್ಮ ಅತ್ತೆ ಒಳಗಿಂದ ಬಂದವಳೇ ನನ್ನ ಬೆರಳು ಮಡಚಿ ಹಿಡಿದಳು. ಅವರಿಗೆ, "ಒಂದಿಷ್ಟು ಅವೆ ಕಣಪ್ಪ, ದೇವರು ಕೊಟ್ಟಷ್ಟು," ಅಂದಳು. ಅವರು ಹೋದ ಮೇಲೆ ನನಗೆ, "ನಿನ್ನ ಬೆರಳಿಗೆ ಅಷ್ಟು ಆತುರ ಇದ್ರೆ ಅವರೆಕಾಯಿ ಸುಲಿ," ಅಂದಳು.

ಕುರಿ ಲೆಕ್ಕ ಬರೆಯುವವರು ಬಂದ ದಿನ ಅತ್ತೆ ಒಂದು ಮರಿಯನ್ನು ಮಂಕರಿ ಕೆಳಗೆ ಮುಚ್ಚಿ, ಮೇಲೆ ತಾನೇ ಕುಂತುಬಿಡುತ್ತಿದ್ದಳು. ಒಳಗಿಂದ ಮರಿ ಬ್ಯಾ ಅಂದರೆ ಇವಳು ಜೋರಾಗಿ ಕೆಮ್ಮುತ್ತಿದ್ದಳು. ಬರೆಯುವವನು ಪಾಪ, "ಅಜ್ಜಿ, ಕೆಮ್ಮು ಜೋರಾಗೈತೆ, ಆಸ್ಪತ್ರೆಗೆ ತೋರಿಸ್ಕಳ್ರಿ," ಅಂತ ಹೇಳಿ ಹೋಗುತ್ತಿದ್ದ.

ನಗುತ್ತೀರಿ. ನಗ್ರಿ. ಆದರೆ ಆ ಮಾತು ನನ್ನ ಮೈಗೆ ಹೇಗೆ ಹತ್ತಿಬಿಟ್ಟಿತು ಅಂದರೆ ಕುರಿಯಿಂದ ಮಕ್ಕಳಿಗೂ ಬಂತು. ರೇಷನ್ ಕಾರ್ಡಿಗೆ ಹೆಸರು ಬರೆಸಲಿಕ್ಕೆ ಹೋಗಿದ್ದೆ. ಮಗ ಕಂಕುಳಲ್ಲಿ ಇದ್ದ. ಪವಿತ್ರ ಐದು ವರ್ಷದವಳು, ಸೆರಗು ಹಿಡಿದು ನಿಂತಿದ್ದಳು. ಬರೆಯುವವರು ತಲೆ ಎತ್ತದೇ, "ಮಕ್ಕಳು ಎಷ್ಟಮ್ಮ?" ಅಂದರು. ಬಾಯಿ ತಾನಾಗೇ, "ಒಂದು," ಅಂದುಬಿಟ್ಟಿತು. ಅವರು ತಲೆ ಎತ್ತಿದರು.

"ಮತ್ತೆ ಸೆರಗು ಹಿಡ್ಕಂಡಿರೋದು?"

ಆಡಿದ ಮಾತು ತಿರುಗಿಸಲಿಕ್ಕೆ ಬರಲಿಲ್ಲ. "ಅದು ಪಕ್ಕದ ಮನೇದು ಸ್ವಾಮಿ," ಅಂದೆ.

ಮನೆಗೆ ಬಂದ ಮೇಲೆ ಹುಡುಗಿ ಕಾಣಲಿಲ್ಲ. ಹುಡುಕಿದರೆ ಪಕ್ಕದ ಮನೆ ಜಗಲಿ ಮೇಲೆ ಗಂಭೀರವಾಗಿ ಕುಂತಿದ್ದಾಳೆ. "ಬಾರೆ ಒಳಗೆ," ಅಂದರೆ, "ನಮ್ಮನೆ ಇದೇ ಅಂದ್ಯಲ್ಲ," ಅಂದಳು. ಸಂಜೆ ಕುರಿ ಬರುವ ತನಕ ಏಳಲಿಲ್ಲ. ನಮ್ಮನೆಯವರು ಎತ್ತಿಕೊಂಡು ಬಂದರು. ಆಮೇಲೆ ಅಲೆದಾಡಿ ಹೆಸರು ಸೇರಿಸಿದ್ದಾಯಿತು ಅನ್ನಿ. ಆದರೆ ಅವಳು ಬೆಳೆದು ಮದುವೆಯಾಗುವ ತನಕ, ಏನೇ ಜಗಳ ಬರಲಿ, "ನಾನು ಬಿಡವ್ವ, ಪಕ್ಕದ ಮನೇಳು," ಅನ್ನುವುದು ಬಿಡಲಿಲ್ಲ. ಒಂದು ಸಾರಿ ಕೇಳಿಯೂ ಕೇಳಿದಳು: "ಬಿಡಾದಾದ್ರೆ ತಮ್ಮನ್ನ ಬಿಡಬಹುದಿತ್ತಲ್ಲವ್ವ, ನನ್ನೇ ಯಾಕೆ ಬಿಟ್ಟೆ?" ನಾನು ಕೊಟ್ಟಿಗೆ ಕಡೆ ಕೆಲಸ ಐತೆ ಅಂತ ಎದ್ದು ಹೋಗಿದ್ದೆ.

ಅಂಥ ಮಗಳು ಚೊಚ್ಚಲ ಹೆರಿಗೆಗೆ ನಮ್ಮನೆಗೆ ಬಂದಳು. ಹೆಣ್ಣು ಕೂಸು. ಏನು ಹೇಳಲಿ ನಿಮಗೆ. ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ಅದು ಒಂದು ಕಣ್ಣು ಬಿಟ್ಟು ನನ್ನನ್ನೇ ನೋಡಿತು. ಇನ್ನೊಂದು ಕಣ್ಣು ತೆರೆಯುವ ಹೊತ್ತಿಗೆ ನಾನು ಅತ್ತುಬಿಟ್ಟಿದ್ದೆ. ಕೆಂಚಗೆ, ಆಗತಾನೇ ಈದ ಮರಿಯ ಹಾಗೆ ಬೆಚ್ಚಗೆ. ತೊಟ್ಟಿಲಿಗೆ ಹಾಕಿದ ದಿನ ಅದಕ್ಕೆ ಏನೋ ಹೊಸ ನಮೂನೆ ಹೆಸರಿಟ್ಟರು. ನಾನು ಮೊದಲ ದಿನದಿಂದಲೂ ಕೆಂಚಿ ಅಂತಲೇ ಕರೆದೆ. "ಅದು ಕುರಿ ಹೆಸರು ಕಣವ್ವ," ಅಂತ ಪವಿತ್ರ ಹಲ್ಲು ಕಡಿದಳು. "ಹೌದು, ನಮ್ಮ ಮಂದೆಯಾಗೆ ಎಲ್ಲಕ್ಕಿಂತ ಒಳ್ಳೇ ಕುರಿ ಅದು," ಅಂದೆ.

ಸಂತೋಷ ಹೆಚ್ಚಾದಷ್ಟೂ ದಿಗಿಲು ಹೆಚ್ಚು, ಇದು ನನ್ನ ಹಣೆಬರಹ. ಕೂಸು ನಿದ್ದೆ ಮಾಡಿದರೆ ಉಸಿರು ಐತಾ ಅಂತ ಮೂಗಿನ ಹತ್ತಿರ ಬೆರಳು ಹಿಡಿಯುವುದು. ಸೀನಿದರೆ ಒಗ್ಗರಣೆ ಇಳಿಸಿ ಓಡಿ ಬರುವುದು. ಯಾರಾದರೂ, "ಎಷ್ಟು ದುಂಡಗೈತೆ," ಅಂದರೆ ಅವರು ಬಾಗಿಲು ದಾಟುವ ಮೊದಲೇ ಉಪ್ಪು ಮೆಣಸಿನಕಾಯಿ ನಿವಾಳಿಸುವುದು. ಅಷ್ಟರ ಮೇಲೆ ಪವಿತ್ರ ಕೈಯಲ್ಲಿ ಫೋನು.

ನಮ್ಮ ಕಾಲದಲ್ಲಿ ಫೋಟೋ ಅಂದರೆ ಹೊಸದುರ್ಗಕ್ಕೆ ಹೋಗಬೇಕಿತ್ತು. ತಲೆ ಬಾಚಿ, ಹೂವು ಮುಡಿದು, ಸ್ಟುಡಿಯೋದಲ್ಲಿ ಬಟ್ಟೆ ಮೇಲೆ ಬರೆದ ಕೆರೆಯ ಮುಂದೆ ನಿಂತು, ಅವನು "ಅಲ್ಲಾಡಬ್ಯಾಡ್ರಿ" ಅನ್ನುವ ತನಕ ಉಸಿರು ಕಟ್ಟಿ. ನನ್ನ ಮದುವೆ ಫೋಟೋ ನೋಡಿದರೆ ನಾವಿಬ್ಬರೂ ಯಾವುದೋ ತಪ್ಪಿಗೆ ಸಿಕ್ಕಿಬಿದ್ದು ನಿಂತವರ ಹಾಗೆ ಇದ್ದೀವಿ. ಇನ್ನು ಮನೆಗೇ ಕ್ಯಾಮೆರಾ ಬಂತು ಅಂದರೆ ಯಾರೋ ಹೋಗಿಬಿಟ್ಟರು ಅಂತ ಅರ್ಥ. ಕುರ್ಚಿಗೆ ಕೂರಿಸಿ, ಹಾರ ಹಾಕಿ, ಸುತ್ತ ನಿಂತು. ನಮ್ಮ ಮಾವನದು ಇರುವುದು ಅದೊಂದೇ ಫೋಟೋ.

ಪವಿತ್ರ ತೆಗೆಯುವುದು ಅದೆಲ್ಲ ಅಲ್ಲ. ನಾವು ರೆಡಿ ಆದರೆ ಅವಳಿಗೆ ಬೇಡ. "ಸುಮ್ನೆ ನಿಮ್ಮ ಪಾಡಿಗೆ ಇರವ್ವ," ಅನ್ನುತ್ತಾಳೆ, ಎಲ್ಲಿಂದಲೋ ಟಕ್ ಅನ್ನಿಸುತ್ತಾಳೆ. ನಮ್ಮನೆಯವರು ಬಾಯಿ ತೆರೆದು ಮುದ್ದೆ ನುಂಗುವುದು, ಕೂಸು ಅವರ ಮೀಸೆ ಹಿಡಿದು ಎಳೆಯುವುದು, ಅವರು ಯಾರೂ ಇಲ್ಲ ಅಂದುಕೊಂಡು ಕೂಸಿನ ಮುಂದೆ ನಾಲಿಗೆ ಚಾಚುವುದು. ಊರಿನಲ್ಲಿ ಪಂಚಾಯ್ತಿಗೆ ಕೂರುವ ಗಂಡಸು ಕಣ್ರಿ ಅವರು. ಫೋನಿನಲ್ಲಿ ಅದನ್ನು ನೋಡಿ, "ಇದನ್ನ ಯಾರಿಗೂ ತೋರಿಸಬ್ಯಾಡ ತಾಯಿ," ಅಂತ ಕೇಳಿಕೊಂಡರು. ಆಮೇಲೆ ಸಂಜೆಗೆ ತಾವೇ, "ಅದು ಇನ್ನೊಂದು ಸಲ ತೋರಿಸು," ಅಂದರು.

ಫೋಟೋ ಎಲ್ಲ ಹೊಳಲ್ಕೆರೆಗೆ, ಅಳಿಯನ ಫೋನಿಗೆ ಹೋಗುತ್ತಿದ್ದವು. ಅವನದು ಅಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. ಬೇಸಿಗೆ ಬಂತು ಅಂದರೆ ಸುಟ್ಟುಹೋದ ಮೋಟಾರು ಬಾಗಿಲ ತನಕ ಬಿದ್ದಿರುತ್ತವೆ, ಬರಲಿಕ್ಕೆ ಆಗುತ್ತಿರಲಿಲ್ಲ. ಮಗಳು ದಿನಕ್ಕೊಂದು ಹೊಸ ಚೇಷ್ಟೆ ಕಲಿಯುವುದನ್ನು ಅವನು ಫೋಟೋದಲ್ಲೇ ನೋಡಬೇಕು. ಅದು ನನಗೂ ಗೊತ್ತಿತ್ತು. ಆದರೂ ಹೆದರಿಕೆ. ಒಂದು ಕೂಸನ್ನು ದಿನಕ್ಕೆ ಮೂವತ್ತು ಸಾರಿ ಒಂದು ಕಣ್ಣು ದಿಟ್ಟಿಸಿ ನೋಡಿದರೆ ಏನಾದೀತು? ಫೋನಿಗೆ ಇರುವುದೂ ಕಣ್ಣೇ ಅಲ್ಲವೇ, ಗಾಜಿನದು, ರೆಪ್ಪೆ ಬೇರೆ ಇಲ್ಲ.

ಒಂದು ದಿನ ಬೆಳಿಗ್ಗೆ ಕೂಸಿಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟೆ. ಬೆರಳ ತುದಿಯಲ್ಲಿ ಇನ್ನೂ ಸ್ವಲ್ಪ ಕಾಡಿಗೆ ಉಳಿದಿತ್ತು. ತೊಟ್ಟಿಲ ಪಕ್ಕದಲ್ಲಿ ಫೋನು ಬೋರಲು ಬಿದ್ದಿತ್ತು, ಕಣ್ಣು ಮೇಲೆ ಮಾಡಿಕೊಂಡು. ನನಗೆ ಆಗ ಒಂದು ಬುದ್ಧಿ ಹೊಳೆಯಿತು. ನೋಡಿಸಿಕೊಳ್ಳುವ ಕೂಸಿಗೆ ಎಷ್ಟು ಅಂತ ಬೊಟ್ಟು ಇಡುವುದು? ನೋಡುವ ಕಣ್ಣಿಗೇ ಇಟ್ಟರೆ ಮುಗಿಯಿತಲ್ಲ. ಆ ಗಾಜಿನ ಮೇಲೆ ಸಣ್ಣಗೆ, ಚೆಂದಾಗಿ ಬೆರಳು ಒತ್ತಿದೆ.

ಕೂಸು ಬೋರಲು ಮಗುಚಿಕೊಂಡಿದ್ದು ಅವತ್ತೇ. ಮೊದಲನೇ ಸಲ. ಹೂಂಕರಿಸಿ, ಕಾಲು ಎತ್ತಿ, ದೊಪ್ ಅಂತ ಬಿದ್ದು, ತಲೆ ಎತ್ತಿ ನಮ್ಮನ್ನೆಲ್ಲ ಗೆದ್ದವರ ಹಾಗೆ ನೋಡಿತು. ಪವಿತ್ರ ಫೋನು ಎತ್ತಿಕೊಂಡವಳೇ ಟಕ ಟಕ ಹೊಡೆದಳು. ತಾನು ನೋಡುವ ಮೊದಲೇ ಗಂಡನಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅಳಿಯನ ಫೋನು ಬಂತು. ಜೋರಾಗಿ ಕೇಳುವ ಹಾಗೆ ಇಟ್ಟಿದ್ದಳು.

"ಅಲ್ಲೇನು ಮೋಡ ಕವ್ಕಂಡೈತಾ? ಕೂಸಿನ ಒಂದು ಕಾಲು ಬಿಟ್ರೆ ಏನೂ ಕಾಣ್ತಿಲ್ಲ."

"ಇಲ್ಲಿ ಉರಿ ಬಿಸಿಲು ಕಣ್ರಿ," ಅಂದಳು ಪವಿತ್ರ. ಫೋನು ತಿರುಗಿಸಿದಳು. ಗಾಜು ಒರೆಸಿದಳು. ಬೆರಳು ಮೂಸಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದೆ, ಕಲ್ಲೇ ಇಲ್ಲದ ರಾಗಿಯಲ್ಲಿ.

"ಅವ್ವ, ಇದಕ್ಕೆ ಕಾಡಿಗೆ ಹಚ್ಚಿದ್ದು ಯಾರು?"

"ಎಣ್ಣೆ ಕೈ ತಾಗಿರಬೇಕು."

"ಎಣ್ಣೆ ಕರ್ರಗಿರ್ತೈತಾ?"

"ನಿಮ್ಮಪ್ಪ ಮುಟ್ಟಿದ್ರೇನೋ."

ನಮ್ಮನೆಯವರು ಮೂಲೆಯಿಂದ, "ಲೇ, ನಾನು ಕಾಡಿಗೆ ಹಚ್ಕಳಾದು ಬಿಟ್ಟು ಸ್ವಲ್ಪ ದಿನ ಆತು," ಅಂದರು. ಅಳಿಯ ಫೋನಿನಲ್ಲೇ ನಕ್ಕ. "ಹೋಗ್ಲಿ ಬಿಡು, ಅತ್ತೇರಿಗೆ ಏನೂ ಅನ್ನಬ್ಯಾಡ," ಅಂದ. ಆಮೇಲೆ, "ಇನ್ನೊಂದು ಸಲ ಮಗುಚ್ಕಂಡ್ರೆ ಕಳ್ಸು," ಅಂದ. ಆ ಮಾತು ನನಗೆ ಚುಚ್ಚಿತು. ಕೂಸು ಆಮೇಲೆ ನೂರು ಸಾರಿ ಮಗುಚಿಕೊಂಡಿತು. ಮೊದಲನೇ ಸಲದ್ದು ಮಾತ್ರ ನನ್ನ ಬೊಟ್ಟಿನ ಕೆಳಗೆ ಹೋಯಿತು.

ಕಣ್ಣಿಗೆ ಬೊಟ್ಟು ಇಡುವ ಹಾಗಿಲ್ಲ ಅಂತ ಆಯಿತು. ಇನ್ನು ಉಳಿದದ್ದು ನಾನು ಮೊದಲ ದಿನದಿಂದ ಹಿಡಿದಿದ್ದ ಅತ್ತೆಯ ದಾರಿ. ಒಂದು ಬಿಟ್ಟು ಎಣಿಸುವುದು. ಮನೆಯವರು ಎಲ್ಲ ಒಟ್ಟಿಗೆ ಆ ಫೋಟೋದಲ್ಲಿ ಬೀಳಬಾರದು, ಯಾರಾದರೂ ಒಬ್ಬರು ಹೊರಗಿರಬೇಕು. ಯಾರು ಹೊರಗೆ? ಗಂಡನನ್ನು ಬಿಡು ಅನ್ನಲಿಕ್ಕೆ ಬರುತ್ತದಾ, ಮಗನನ್ನು? ಮಂಕರಿ ಕೆಳಗಿನ ಮರಿ ನಾನೇ ಆಗಿದ್ದೆ. ಪವಿತ್ರ ಫೋನು ಎತ್ತಿದ್ದು ಕಂಡರೆ ಸಾಕು, ನನಗೆ ಒಲೆ ಮೇಲೆ ಹಾಲು ನೆನಪಾಗುತ್ತಿತ್ತು, ಕೋಳಿ ನೆನಪಾಗುತ್ತಿತ್ತು. ಒಂದು ಸಾರಿ ಏನೂ ನೆನಪಾಗದೇ ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದೆ. "ಅವ್ವ, ನಿನ್ನ ಸೀರೆ ಅಂಚು ಕಾಣ್ತೈತೆ," ಅಂದಳು. ಅಂಚು ಎಳೆದುಕೊಂಡೆ.

ಹೀಗೆ ಐದು ತಿಂಗಳು. ಕೂಸಿನ ಜೊತೆ ನನ್ನದು ಏನಿದ್ದರೂ ಬಚ್ಚಲು ಮನೆಯಲ್ಲಿ, ಹೊಗೆಯೊಳಗೆ, ಅವಳ ಫೋನು ಬರದ ಕಡೆ. ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹೊಯ್ಯುವಾಗ ಅದು ಅರಚುತ್ತಿತ್ತು. ಆಗ ನಾನು ಸಂಜೆ ಕುರಿ ಕರೆಯುವ ಹಾಗೆ ನಾಲಿಗೆ ತುದಿಯಲ್ಲಿ, "ಟ್ರೂರ್, ಟ್ರೂರ್, ಬಾ ಕೆಂಚಿ," ಅನ್ನುತ್ತಿದ್ದೆ. ಅಳು ನಿಲ್ಲಿಸಿ ಕಣ್ಣು ಅಗಲ ಮಾಡಿ ನನ್ನ ಬಾಯಿ ನೋಡುತ್ತಿತ್ತು, ಒಂದು ಸದ್ದು ಅಷ್ಟು ದೊಡ್ಡ ಸಂಗತಿ ಅನ್ನುವ ಹಾಗೆ.

ಐದನೇ ತಿಂಗಳಿಗೆ ಅಳಿಯನೂ ಬೀಗ್ತಿಯೂ ಕರೆದುಕೊಂಡು ಹೋಗಲಿಕ್ಕೆ ಬಂದರು. ಮಡಿಲು ತುಂಬಿಸಿ ಅಂಗಳಕ್ಕೆ ಬಂದ ಮೇಲೆ ಪವಿತ್ರ ಎಲ್ಲರನ್ನೂ ನಿಲ್ಲಿಸಿದಳು. "ಇದೊಂದಕ್ಕಾದ್ರೂ ನಿಂತ್ಕಳವ್ವ," ಅಂದಳು. ನಿಂತೆ. ಕೂಸು ನನ್ನ ಬೆರಳು ಹಿಡಿದಿತ್ತು. ಅವಳು ಫೋನು ಎತ್ತಿದಳು. ನನ್ನ ಕಣ್ಣಿಗೆ ಆಗ ಪೂರ್ತಿ ಮಂದೆ ಕಂಡಿತು, ಒಂದೂ ಕಡಿಮೆ ಇಲ್ಲದೇ. ದಾರಿ ದೂರ ಐತೆ, ಎಳೇ ಕೂಸು. ಪಕ್ಕಕ್ಕೆ ಹಾರಿದೆ. ಕೂಸು ಬೆರಳು ಬಿಡಲಿಲ್ಲ. ಗೋಡೆ ಮೇಲಿರುವ ಫೋಟೋ ಅದೇ.

ಅವರು ಹೋದ ಮೇಲೆ ಮನೆಯಲ್ಲಿ ಸಾಂಬ್ರಾಣಿ ವಾಸನೆ ಎರಡು ದಿನ ಇತ್ತು, ಆಮೇಲೆ ಅದೂ ಹೋಯಿತು. ನನಗೆ ಆಗ ಹೊಸ ದಿಗಿಲು ಹಿಡಿಯಿತು. ಐದು ತಿಂಗಳ ಕೂಸಿಗೆ ಏನು ನೆನಪಿರುತ್ತದೆ? ಇನ್ನು ಮೂರು ತಿಂಗಳು, ನಾಲ್ಕು ತಿಂಗಳು ಬಿಟ್ಟು ಹೋದರೆ ನಾನು ಯಾರೋ. ಮಗ ಒಂದೆರಡು ಸಾರಿ ವಿಡಿಯೋ ಕಾಲ್ ಹಚ್ಚಿಕೊಟ್ಟ. ಫೋನು ಅಂದರೆ ಕಿವಿಗೆ ಇಟ್ಟುಕೊಳ್ಳುವುದು ಅಂತ ಕೈಗೆ ಅಭ್ಯಾಸ. "ಅವ್ವ, ಕೂಸು ನಿನ್ನ ಕಿವಿ ನೋಡ್ತೈತೆ, ಮುಖ ತೋರ್ಸು," ಅಂತ ಪವಿತ್ರ ಕೂಗುತ್ತಿದ್ದಳು. ಮುಖದ ಮುಂದೆ ಹಿಡಿದರೆ ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತಿತ್ತು.

ಜಗಲಿ ಮೇಲೆ ಕುಂತು ನಮ್ಮನೆಯವರಿಗೆ ಹೇಳಿದೆ. "ನಮ್ಮ ಕೂಸು ನನ್ನ ಮುಖ ಮರ್ತುಬಿಡ್ತೈತೆ ಕಣ್ರಿ." ಅವರು ಬೀಡಿ ಬಾಯಿಂದ ತೆಗೆದು, "ಸಂಜೆ ಮರಿ ಬಿಟ್ಟಾಗ ನೋಡಿಲ್ವಾ? ಅಷ್ಟು ಕುರಿಯಾಗೆ ಮರಿ ತಾಯಿ ಮುಖ ಹುಡುಕ್ತೈತಾ? ಕೂಗು ಹಿಡ್ಕಂಡು ಹೋಗ್ತೈತೆ," ಅಂದರು.

"ನಾನು ಹೋಗಿ ಬೀಗರ ಮನೆ ಬಾಗಿಲಾಗೆ ಬ್ಯಾ ಅನ್ನಲಾ?" ಅಂತ ರೇಗಿದೆ. "ನಿನ್ನ ಇಷ್ಟ," ಅಂದರು.

ಕೂಸಿಗೆ ಒಂಬತ್ತು ತಿಂಗಳು ತುಂಬಿದಾಗ ಹೊರಟೆ. ಹುರಿಹಿಟ್ಟು, ಬೆಣ್ಣೆ ಕಾಯಿಸಿದ ತುಪ್ಪ, ಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆಯಲ್ಲಿ ನೇಯಿಸಿದ ಅಂಗೈಯಗಲದ ಕಂಬಳಿ. ಶ್ರೀರಾಂಪುರದಿಂದ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ ಬಸ್ಸು. ಬಸ್ಸಿನಲ್ಲಿ ಪಕ್ಕದ ಹೆಂಗಸು ಎಲ್ಲಿಗೆ ಅಂತ ಕೇಳಿದ್ದೇ ತಪ್ಪಾಯಿತು, ಇಳಿಯುವ ತನಕ ಅವಳಿಗೆ ಕೆಂಚಿಯ ಹಲ್ಲು ಎಷ್ಟು ಬಂದಿರಬಹುದು ಅನ್ನುವುದೇ ಪುರಾಣ. ಅದರ ನಡುವೆ ಒಳಗೊಳಗೇ ಒಂದೇ ಮಾತು: ಗುರುತು ಹಿಡಿಯುತ್ತದಾ?

ಬಾಗಿಲಲ್ಲಿ ಬೀಗ್ತಿ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಎಷ್ಟು ಬೆಳೆದಿತ್ತು, ಎರಡು ಹಲ್ಲು, ಕಾಲಿಗೆ ಗೆಜ್ಜೆ. ನಾನು ಚೀಲ ಕೆಳಗಿಟ್ಟು ಎರಡೂ ಕೈ ಚಾಚಿದೆ. ಬಾಯಿ ತೆರೆದರೆ ಅತ್ತುಬಿಡುತ್ತೇನೆ ಅಂತ ತುಟಿ ಕಚ್ಚಿಕೊಂಡಿದ್ದೆ. ಕೂಸು ನನ್ನನ್ನು ನೋಡಿತು. ಕೆಳತುಟಿ ಹೊರಗೆ ಬಂತು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿ, ಮುಖವನ್ನು ಬೀಗ್ತಿಯ ಹೆಗಲಲ್ಲಿ ಹೂತುಕೊಂಡಿತು.

"ಏನೂ ತಿಳ್ಕಬ್ಯಾಡ್ರಿ ಬೀಗ್ರೆ, ಬರ್ರಿ, ಕುಂತ್ಕಳ್ರಿ," ಅಂದಳು ಬೀಗ್ತಿ. ಒಳ್ಳೆಯ ಹೆಂಗಸು. ನೀರು ಕೊಟ್ಟಳು, ಕಾಫಿ ಕೊಟ್ಟಳು. ಕೊಟ್ಟು, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. "ಊಟ ಮಾಡಿಸುವಾಗ ದಿನಾ ಫೋನಿನಾಗೆ ಫೋಟೋ ತೋರಿಸ್ತೀವಿ. ತಾತ ಎಲ್ಲಿ ಅಂದ್ರೆ ತಾತನ್ನ ಮುಟ್ತಾಳೆ. ಮಾಮ ಎಲ್ಲಿ ಅಂದ್ರೆ ಮಾಮನ್ನ. ನಿಮ್ಮ ನಾಯಿ ಕರಿಯನ್ನೂ ಮುಟ್ತಾಳೆ. ನಿಮ್ಮನ್ನ ತೋರಿಸಾಣ ಅಂದ್ರೆ ನಿಮ್ಮದು ಒಂದೂ ಇಲ್ಲವಲ್ರಿ."

ಕರಿಯನಿಗೆ ಗುರುತು ಐತೆ. ನನಗಿಲ್ಲ. ಕಾಫಿ ಲೋಟ ಕೆಳಗಿಟ್ಟೆ. ಎಣ್ಣೆ ಒತ್ತಿದ್ದು ನಾನು, ಹೊಗೆ ಹಾಕಿದ್ದು ನಾನು, ಮೂಗಿಗೆ ಬೆರಳು ಹಿಡಿದು ರಾತ್ರಿ ಕಳೆದದ್ದು ನಾನು. ಬಿಸ್ಕತ್ತು ತಿಂದುಕೊಂಡು ಬಾಲ ಅಲ್ಲಾಡಿಸಿದವನು ಅವನು.

ಪವಿತ್ರ ಅಡುಗೆಮನೆಯಲ್ಲಿ ಕೂಸಿಗೆ ಅನ್ನ ಕಲಸುತ್ತಿದ್ದಳು. ಹೋಗಿ ಪಕ್ಕದಲ್ಲಿ ಕುಂತೆ. ಕೂಸು ತಾಯಿಯ ತೊಡೆ ಮೇಲಿಂದ ನನ್ನನ್ನು ವಾರೆಗಣ್ಣಲ್ಲಿ ನೋಡಿ ಮತ್ತೆ ತುಟಿ ಮುಂದೆ ಮಾಡಿತು.

"ನೋಡ್ದೆಯಾ ನಿನ್ನ ಮಗಳ್ನ," ಅಂದೆ.

"ನೋಡ್ದೆಯಾ ನಿನ್ನ ಬುದ್ಧೀನ," ಅಂದಳು. "ಐದು ತಿಂಗಳು ಓಡಾಡ್ಸಿದ್ಯಲ್ಲವ್ವ ನನ್ನ. ಏನಿತ್ತು ಅಂಥಾದ್ದು?"

ಹೇಳಿದೆ. ಅತ್ತೆ ಮಾತು, ಮಂಕರಿ, ಒಂದು ಬಿಟ್ಟು ಎಣಿಸುವುದು. ಎಲ್ಲರೂ ಒಟ್ಟಿಗೆ ಬೀಳಬಾರದು, ಅದಕ್ಕೇ ನಾನು ಹೊರಗೆ ನಿಂತೆ ಅಂತ. ಅವಳು ಅನ್ನ ಕಲಸುವುದು ನಿಲ್ಲಿಸಿ ನನ್ನ ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಅವ್ವ, ಫೋಟೋ ತೆಗಿಯೋಳು ಯಾರು?"

"ನೀನು."

"ತೆಗಿಯೋಳು ಫೋಟೋದಾಗೆ ಬರ್ತಾಳಾ?"

ನಾನು ಅನ್ನದ ತಟ್ಟೆಯನ್ನು ಅವಳ ಕಡೆ ಸರಿಸಿದೆ.

"ಒಂದು ಬಿಟ್ಟೇ ಹೋಗಿತ್ತಲ್ಲವ್ವ, ಮೊದಲಿಂದ್ಲೂ. ನೀನ್ಯಾಕೆ ಸುಮ್ನೆ ಓಡ್ತಿದ್ದೆ? ನನ್ನ ಎಣಿಸ್ಲಿಲ್ವಾ?" ಅಂದು, ಒಂದು ತುತ್ತು ಕೂಸಿನ ಬಾಯಿಗೆ ಇಟ್ಟು, "ಹೌದು ಬಿಡು, ನಾನು ಪಕ್ಕದ ಮನೇಳಲ್ವಾ," ಅಂದಳು. ನಗುತ್ತಲೇ ಅಂದಳು. ಆದರೆ ಆ ನಗುವಿನಲ್ಲಿ ಜಗಲಿ ಮೇಲೆ ಗಂಭೀರವಾಗಿ ಕುಂತ ಐದು ವರ್ಷದವಳು ಕಂಡಳು.

ಫೋನು ತಗೊಂಡೆ. "ತೋರ್ಸು," ಅಂದೆ. ಒಂದೊಂದಾಗಿ ಎಡಗೈ ಬೆರಳಲ್ಲಿ ಸರಿಸಿದಳು. ಅಪ್ಪನ ಹೆಗಲ ಮೇಲೆ ಕೂಸು, ತಾತನ ರುಮಾಲಿನೊಳಗೆ ಕೂಸು, ಕರಿಯನ ಬಾಲ ಹಿಡಿದ ಕೂಸು, ಬೀಗ್ತಿಯ ಮಡಿಲಲ್ಲಿ ಕೂಸು. ಎಷ್ಟು ಸರಿಸಿದರೂ ಹೆತ್ತವಳು ಇಲ್ಲ. ಕನ್ನಡಿಯಲ್ಲಿ ಒಂದು ಕಡೆ ಕಂಡಳು, ಅದರಲ್ಲೂ ಮುಖಕ್ಕೆ ಫೋನು ಅಡ್ಡ. ನಾನಾದರೂ ಹೆದರಿ ಓಡಿದವಳು. ಇವಳು ನಮ್ಮನ್ನೆಲ್ಲ ಒಳಗೆ ಕೂರಿಸಿ ತಾನು ಹೊರಗೆ ನಿಂತಿದ್ದಳು. ಅದನ್ನು ಯಾರೂ ನೋಡಿರಲಿಲ್ಲ. ಅವಳನ್ನು ಹೆತ್ತವಳು ನಾನು, ಎರಡನೇ ಸಲ ಅವಳನ್ನು ಎಣಿಕೆಯಿಂದ ಬಿಟ್ಟಿದ್ದೆ.

"ಎಲ್ಲಿ ಒತ್ತಬೇಕು ಇದ್ನ?" ಅಂದೆ.

"ಏನವ್ವ?"

"ಎಲ್ಲಿ ಒತ್ತಬೇಕು ಹೇಳೇ."

ಕೆಳಗಿನ ಬಿಳಿ ಗುಂಡಗಿನದು ತೋರಿಸಿದಳು. "ಇರು, ತಲೆ ಬಾಚ್ಕಂತೀನಿ, ಕೈಯೆಲ್ಲಾ ಅನ್ನ," ಅಂತ ಏಳಲಿಕ್ಕೆ ಹೋದಳು. "ಸುಮ್ನೆ ನಿನ್ನ ಪಾಡಿಗೆ ಇರು," ಅಂದೆ. ಅವಳದೇ ಮಾತು ಅವಳಿಗೆ.

ತುಂಬಿದ ಹಾಲಿನ ಪಾತ್ರೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಫೋನು ಹಿಡಿದು ಹಿಂದಕ್ಕೆ ಸರಿದೆ. ಗಾಜಿನಲ್ಲಿ ನನ್ನ ಮಗಳು, ಅವಳ ಮಗಳು, ಅನ್ನದ ತಟ್ಟೆ. ಕೂಸು ಮಾತ್ರ ಮುಖ ಆ ಕಡೆ ಮಾಡಿ ತಾಯಿಯ ಎದೆಗೆ ಒತ್ತಿಕೊಂಡಿತ್ತು. ತಲೆಯ ಹಿಂಭಾಗ ಕಾಣುತ್ತಿತ್ತು, ಅಷ್ಟೇ. "ಬಂಗಾರಿ, ಇಲ್ನೋಡು," ಅಂದಳು ಪವಿತ್ರ. ನೋಡಲಿಲ್ಲ. ಬೀಗ್ತಿ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಅದಕ್ಕೂ ನೋಡಲಿಲ್ಲ.

ನನಗೆ ನಾಚಿಕೆಯೋ ನಾಚಿಕೆ. ಬೀಗರ ಮನೆ, ಪೇಟೆಯ ಬೀದಿ. ಆದರೂ ನಾಲಿಗೆ ತುದಿಗೆ ತಾನಾಗೇ ಬಂತು.

"ಟ್ರೂರ್. ಟ್ರೂರ್. ಬಾ ಕೆಂಚಿ."

ಕೂಸು ಅಲ್ಲಾಡುವುದು ನಿಂತಿತು. ಇನ್ನೊಂದು ಸಾರಿ ಕರೆದೆ. ಮೆಲ್ಲಗೆ ತಲೆ ತಿರುಗಿತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು, ಆಸ್ಪತ್ರೆಯಲ್ಲಿ ನೋಡಿದ ಹಾಗೇ. ಫೋನನ್ನು ನೋಡಲಿಲ್ಲ, ಅದರ ಮೇಲಿಂದ ನನ್ನ ಬಾಯಿ ನೋಡಿತು. ಎರಡು ಹಲ್ಲು ಕಾಣುವ ಹಾಗೆ ಬಾಯಿ ತೆರೆಯಿತು, ಅನ್ನ ಕೆಳಗೆ ಬಿತ್ತು. ಬಿಳಿ ಗುಂಡಗಿನದನ್ನು ಒತ್ತಿಬಿಟ್ಟೆ. ಎಷ್ಟು ಸಾರಿ ಒತ್ತಿದೆನೋ, ಪವಿತ್ರ ಆಮೇಲೆ ನೋಡಿ, "ಅವ್ವ, ಒಂದೇ ಫೋಟೋ ನಲವತ್ತು ತೆಗ್ದಿದ್ಯ," ಅಂದಳು. ಅದರಲ್ಲಿ ಮೂವತ್ತೊಂಬತ್ತು ಅಲ್ಲಾಡಿ ಹೋಗಿದ್ದವು. ಒಂದು ಉಳಿಯಿತು.

ಆ ಒಂದನ್ನು ಅಳಿಯ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಕಳಿಸಿದ. ಮೊದಲನೆಯದರ ಪಕ್ಕಕ್ಕೇ ಮೊಳೆ ಹೊಡೆಸಿದೆ. ಚೆಂದಾಗಿ ಬಂದಿಲ್ಲ. ಪವಿತ್ರಳ ತಲೆ ಅರ್ಧ ಹೋಗಿದೆ, ಮೂಲೆಯಲ್ಲಿ ಕೆಂಪಗೆ ನನ್ನ ಬೆರಳು ಬಂದಿದೆ. ತಾಯಿ ಕೈಯಲ್ಲಿ ತುತ್ತು ಹಿಡಿದು ಮಗಳ ಮುಖ ನೋಡುತ್ತಿದ್ದಾಳೆ. ಹೆದರಿಕೆ ಪೂರ್ತಿ ಹೋಗಿದೆ ಅಂತ ಸುಳ್ಳು ಹೇಳುವುದಿಲ್ಲ. ಗಾಜಿನ ಕೆಳಗಿನ ಮೂಲೆಗೆ, ಯಾರ ಮುಖಕ್ಕೂ ಅಡ್ಡ ಬರದ ಹಾಗೆ, ಸಣ್ಣದೊಂದು ಕಾಡಿಗೆ ಬೊಟ್ಟು ಇಟ್ಟಿದ್ದೀನಿ. ಧೂಳು ಅಂತ ಮಗ ಒರೆಸುತ್ತಾನೆ, ನಾನು ಮತ್ತೆ ಇಡುತ್ತೀನಿ.

ಮೊನ್ನೆ ಒಬ್ಬರು ಬಂದವರು ಎರಡೂ ಫೋಟೋ ನೋಡಿದರು. ಮೊದಲನೆಯದರಲ್ಲಿ ಆ ಕೈ ಯಾರದು ಅಂತ ಕೇಳಿದರು, ಹೇಳಿದೆ. ಎರಡನೆಯದನ್ನು ಸುಮಾರು ಹೊತ್ತು ನೋಡಿ, "ಇದರಾಗೆ ನಿಮ್ಮ ಕೈನೂ ಇಲ್ಲವಲ್ಲಮ್ಮ, ನೀವು ಎಲ್ಲಿದ್ದೀರಿ?" ಅಂದರು.

"ಆ ಕೂಸು ಎಲ್ಲಿ ನೋಡ್ತೈತೆ ನೋಡ್ರಿ," ಅಂದೆ. "ಅಲ್ಲಿದ್ದೀನಿ."